ಬಣ್ಣ ಹಚ್ಚಿದವಳೇ ಬಂಡವಾಳ ಹಾಕಿದರೆ?

ಹೋದ ಸಂಚಿಕೆಯಲ್ಲಿ ನಟಿ, ನಿರ್ಮಾಪಕಿ ಜಯಮಾಲಾ ಅವರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವೇ. ಸುತ್ತಿ ಬಳಸಿ ಎಲ್ಲರೂ ಕೇಳಿದ್ದು ಒಂದೇ ವಿಷಯ. ನಟಿಯೇ ಬರೆದು, ತಾನೇ ದುಡ್ಡು ಹಾಕಿ ಸಿನಿಮಾ ಮಾಡೋದು ಹೇಗೆ, ಯಾಕೆ?

ಪ್ರಶ್ನೆ: ಅಕ್ಕಾ, ಪಾತ್ರ ಸಿಗೋದು ನಿಂತ ಮೇಲೆ ನಟಿಯರು ಪ್ರೊಡ್ಯೂಸರ್ ಆಗ್ತಾರೆ ಅಂತ ನಮ್ಮ ಕಾಕಾ ವಾದ ಮಾಡ್ತಾರೆ. ನೀವೇನಂತೀರಿ?
– ಕಾಲೇಜು ವಿದ್ಯಾರ್ಥಿನಿ, ಗುಳೇದಗುಡ್ಡ

ನಾನು ಒಪ್ಪೋದಿಲ್ಲ ತಂಗಿ. ನಿಮ್ಮ ಕಾಕಾ ಅವರಿಗೆ ಎಂ.ವಿ. ರಾಜಮ್ಮ ಅವರ ಹೆಸರು ಹೇಳು. 1936ರಲ್ಲಿ ‘ಸಂಸಾರ ನೌಕೆ’ಯ ನಾಯಕಿ ಅವರು. 1943ರಲ್ಲಿ ‘ರಾಧಾರಮಣ’ ನಿರ್ಮಿಸಿ ಕನ್ನಡದ ಮೊದಲ ನಿರ್ಮಾಪಕಿ ಆದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಮಹಾಯುದ್ಧದ ಕಾಲ ಬೇರೆ, ಫಿಲ್ಮ್ ರೀಲಿಗೇ ತತ್ವಾರ. ಮುಂದೆ ನಿರ್ದೇಶಕರಾದ ಜಿ.ವಿ. ಅಯ್ಯರ್, ನಟ ಬಾಲಕೃಷ್ಣ ಅವರಂಥವರು ಸಿನಿಮಾಕ್ಕೆ ಬಂದದ್ದು ಇದೇ ಚಿತ್ರದಿಂದ. ರಾಜಮ್ಮ ಅದಾದ ಮೇಲೂ ಎಷ್ಟೋ ವರ್ಷ ನಟಿಸಿದರು. ಪಾತ್ರ ಇಲ್ಲದೆ ಮನೆಯಲ್ಲಿ ಕೂತವರು ಮಾಡಿದ ಕೆಲಸ ಅಲ್ಲ ಅದು.

ಇನ್ನು ಜಯಮಾಲಾ. ಕಮರ್ಷಿಯಲ್ ಸಿನಿಮಾಗಳ ನಾಯಕಿಯಾಗಿ ಹೆಸರು ಮಾಡಿದವರು 1997ರಲ್ಲಿ ‘ತಾಯಿ ಸಾಹೇಬ’ ನಿರ್ಮಿಸಿದರು. ಕಾದಂಬರಿ ನಮ್ಮ ಕಡೆಯ ರಂ.ಶಾ. ಲೋಕಾಪುರ ಅವರದ್ದು, ನಿರ್ದೇಶನ ಗಿರೀಶ್ ಕಾಸರವಳ್ಳಿ. ಅದಕ್ಕೆ ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರದ ಪ್ರಶಸ್ತಿ ಸ್ವರ್ಣ ಕಮಲ ಬಂತು. ನಾಯಕಿ ನರ್ಮದಾ ಆಗಿ ನಟಿಸಿದ್ದೂ ಜಯಮಾಲಾ ಅವರೇ. ವಾಡೆಯೊಳಗೆ, ಅಂದ್ರೆ ದೊಡ್ಡ ಮನೆತನದ ಮನೆಯೊಳಗೆ, ದನಿ ಎತ್ತದೆ ಎಲ್ಲವನ್ನೂ ನೋಡ್ತಾ, ಒಳಗೊಳಗೇ ಬದಲಾಗುವ ಆ ನರ್ಮದಾಳ ಪಾತ್ರವನ್ನು ಯಾರಾದರೂ ಮನೆ ಬಾಗಿಲಿಗೆ ತಂದುಕೊಡ್ತಾರೆ ಅಂತ ಅವರು ಕಾಯ್ತಾ ಕೂತಿದ್ದರೆ ಸಿಗ್ತಿತ್ತಾ? ನನಗೆ ಅನುಮಾನ. ನಟಿಗೆ ಯಾವ ಪಾತ್ರ ಅನ್ನೋದು ಬೇರೆಯವರ ಕೈಲಿರುತ್ತೆ. ಯಾವ ಕಥೆ ಸಿನಿಮಾ ಆಗಬೇಕು ಅನ್ನೋದು ನಿರ್ಮಾಪಕಿಯ ಕೈಲಿರುತ್ತೆ. ವ್ಯತ್ಯಾಸ ಇರೋದೇ ಅಲ್ಲಿ. 2008ರಲ್ಲಿ ಅವರು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಮೊದಲ ಮಹಿಳಾ ಅಧ್ಯಕ್ಷೆಯೂ ಆದರು, ಅದನ್ನೂ ಕಾಕಾಗೆ ಹೇಳು.

ಪ್ರಶ್ನೆ: ನಾನು ಬರೆದ ಕಥೆಯನ್ನು ಗೆಳತಿಯೊಬ್ಬಳಿಗೆ ಮಾತಿನ ಮೇಲೆ ಕೊಟ್ಟಿದ್ದೆ. ಕಿರುಚಿತ್ರ ಆಯ್ತು, ನಾನೇ ನಟಿಸಿದೆ. ಟೈಟಲ್‌ನಲ್ಲಿ ಕಥೆ ಅನ್ನೋ ಜಾಗದಲ್ಲಿ ನನ್ನ ಹೆಸರೇ ಇಲ್ಲ. ಏನು ಮಾಡಲಿ?
– ಹವ್ಯಾಸಿ ನಟಿ, ವಿಜಯಪುರ

ನಿಮ್ಮ ಪತ್ರ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು, ಯಾಕಂದ್ರೆ ಇದು ನನಗೂ ಆಗಿದೆ. ತುಂಬಾ ವರ್ಷದ ಹಿಂದೆ ಬಾದಾಮಿ ಹತ್ತಿರ ಶೂಟಿಂಗ್, ನನ್ನದು ತಾಯಿಯ ಪಾತ್ರ. ಮಗಳು ಗಂಡನ ಮನೆ ಬಿಟ್ಟು ರಾತ್ರಿ ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಹಾಳೆಯಲ್ಲಿ ಇದ್ದ ಮಾತು, ‘ಯಾಕೆ ಬಂದೆ ಮಗಳೇ, ಏನಾಯಿತು?’ ನಮ್ಮ ಕಡೆ ತಾಯಿ ಹೊಸ್ತಿಲಲ್ಲೇ ನಿಲ್ಲಿಸಿ ಹಾಗೆ ಕೇಳ್ತಾಳಾ? ಸಹಾಯಕ ಹುಡುಗನ ಹತ್ತಿರ ಪೆನ್ನು ಇಸ್ಕೊಂಡು ಹಾಳೆಯ ಹಿಂದೆ ಬರೆದೆ: ‘ಕೈಕಾಲ್ ತೊಳ್ಕೊ. ರೊಟ್ಟಿ ಬಿಸಿ ಅದಾವ.’ ಅಷ್ಟೇ. ಟೇಕ್ ಮುಗಿದಾಗ ಲೈಟ್ ಹಿಡಿದಿದ್ದವರು ಕಣ್ಣು ಒರೆಸ್ಕೊಂಡರು. ಮರುದಿನದಿಂದ ಎಲ್ಲ ಹೆಂಗಸರ ಮಾತೂ ನನ್ನ ಹತ್ತಿರವೇ ಬಂತು, ದಿನಾ ರಾತ್ರಿ ಕೂತು ಬರೆದುಕೊಟ್ಟೆ. ನಟನೆಯ ದಿನದ ಭತ್ಯೆ ಸರಿಯಾಗಿ ಬಂತು. ಬರೆದದ್ದಕ್ಕೆ ದುಡ್ಡೂ ಇಲ್ಲ, ಹೆಸರೂ ಇಲ್ಲ. ಇವತ್ತಿಗೂ ನೋವಾಗುತ್ತೆ.

ಆಮೇಲೆ ಕಾನೂನು ಓದಿದೆ, ನೀವೂ ತಿಳ್ಕೊಳ್ಳಿ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಸಿನಿಮಾದ ಒಡೆತನ ನಿರ್ಮಾಪಕರದ್ದು, ಆದರೆ ಬರೆದ ಕಥೆಯ ಒಡೆತನ ಬರೆದವರದ್ದು. ಸಂಬಳಕ್ಕಿದ್ದು ಬರೆದಿದ್ದರೆ ಲೆಕ್ಕ ಬೇರೆ. ಹಕ್ಕು ಬಿಟ್ಟುಕೊಟ್ಟಿದ್ದಾರೆ ಅನ್ನಬೇಕಾದರೆ ಬರವಣಿಗೆಯಲ್ಲಿ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. 2012ರ ತಿದ್ದುಪಡಿ ಆದ ಮೇಲೆ, ಸಿನಿಮಾ ಥಿಯೇಟರ್ ಬಿಟ್ಟು ಬೇರೆ ಕಡೆ ಬಳಕೆಯಾದಾಗ ಸಿಗುವ ರಾಯಲ್ಟಿಯ ಪಾಲನ್ನು ನಿರ್ಮಾಪಕರು ಬರಹಗಾರರಿಂದ ತಮ್ಮ ಹೆಸರಿಗೆ ಬರೆಸಿಕೊಳ್ಳೋಕೆ ಬರೋದಿಲ್ಲ. ಒಂದು ಮಾತು ಮಾತ್ರ ನೆನಪಿರಲಿ, ಬಾಯಲ್ಲಿ ಹೇಳಿದ ಬರೀ ಐಡಿಯಾಗೆ ರಕ್ಷಣೆ ಇಲ್ಲ, ಬರೆದದ್ದಕ್ಕೆ ಇದೆ. ನಿಮ್ಮ ಹಳೇ ಹಾಳೆ, ತಾರೀಖು ಇರುವ ಮೇಲ್, ವಾಟ್ಸಾಪ್ ಎಲ್ಲ ಒಂದು ಕಡೆ ಜೋಡಿಸಿಡಿ. ಮೊದಲು ಗೆಳತಿಗೆ ಪತ್ರ ಬರೆಯಿರಿ, ಹೆಸರು ಸೇರಿಸಿ ಮತ್ತೆ ಅಪ್‌ಲೋಡ್ ಮಾಡಲಿ. ಕೇಳದಿದ್ದರೆ ವಕೀಲರ ಹತ್ತಿರ ಹೋಗಿ, ಸುಮ್ನೆ ಬಿಡಬೇಡಿ.

ಪ್ರಶ್ನೆ: ಮಗಳು ನಾಟಕದಲ್ಲಿ ಚೆಂದ ಮಾಡ್ತಾಳ್ರಿ. ತಾನೇ ಬರೆದು ಸಿನಿಮಾ ಮಾಡ್ತೀನಿ, ಎರಡು ಎಕರೆ ಹೊಲ ಮಾರೋಣ ಅಂತಾಳೆ. ಮಾರಬೇಕೇನ್ರಿ?
– ತಾಯಿ, ಬೈಲಹೊಂಗಲ

ಬೇಡ ಅಕ್ಕಾರೆ, ಮಾರಬೇಡಿ. ಶೂಟಿಂಗ್ ಮುಗಿದರೆ ಸಿನಿಮಾ ಮುಗಿದಂಗಲ್ಲ. ಡಬ್ಬಿಂಗ್, ಸೆನ್ಸಾರ್, ಪ್ರಚಾರ, ಥಿಯೇಟರ್, ಎಲ್ಲ ಆಮೇಲೆ ಬರುತ್ತೆ. ಹೊಲ ಮಾರಿದ ದುಡ್ಡು ಶೂಟಿಂಗಿಗೇ ಕರಗಿಹೋಗಿ ಸಿನಿಮಾ ಹಾರ್ಡ್ ಡಿಸ್ಕಿನಲ್ಲಿ ಉಳಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಮಗಳು ಬರೆಯೋದನ್ನು ಮಾತ್ರ ನಿಲ್ಲಿಸಬಾರದು, ಅದಕ್ಕೆ ಖರ್ಚಿಲ್ಲ. ನಿಮ್ಮ ಕಡೆ ಶೂಟಿಂಗ್ ಬಂದಾಗ ಪ್ರೊಡಕ್ಷನ್ ಮ್ಯಾನೇಜರ್ ಹಿಂದೆ ಒಂದು ತಿಂಗಳು ಓಡಾಡಲಿ, ಲೆಕ್ಕದ ಪುಸ್ತಕ ಬರೆಯಲಿ. ಐವತ್ತು ಮಂದಿಗೆ ಖಾನಾವಳಿಯಿಂದ ಎಷ್ಟು ರೊಟ್ಟಿ ಬೇಕು, ಮಳೆ ಬಂದು ಒಂದು ದಿನ ನಿಂತರೆ ಎಷ್ಟು ನಷ್ಟ, ಎಲ್ಲ ಅಲ್ಲಿ ಗೊತ್ತಾಗುತ್ತೆ. ಪಟ್ಟದಕಲ್ಲು, ಗೋಳಗುಮ್ಮಟದಂಥ ಜಾಗದಲ್ಲಿ ದೃಶ್ಯ ಬರೆದುಬಿಡೋದು ಸುಲಭ, ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಶುಲ್ಕ ಕಟ್ಟಬೇಕು. ಇದು ಗೊತ್ತಿದ್ದು ಬರೆಯೋ ಹುಡುಗಿಯ ಬರವಣಿಗೆಯೇ ಬೇರೆ ಇರುತ್ತೆ ನೋಡಿ.

ಪ್ರಶ್ನೆ: ನಮ್ಮ ಭಾಗದಲ್ಲಿ ಹಿಂದೆ ಇಂಥ ಧೈರ್ಯದ ನಟಿಯರು ಇದ್ದರಾ?
– ಓದುಗರು, ಬೀಳಗಿ

ನಿಮ್ಮೂರಿನವರೇ ಇದ್ದರಲ್ವಾ! ಅಮೀರಬಾಯಿ ಕರ್ನಾಟಕಿ. ಬೀಳಗಿಯಿಂದ ಮುಂಬೈಗೆ ಹೋಗಿ ಹಿಂದಿ ಸಿನಿಮಾದಲ್ಲಿ ನಟಿಸಿದರು, ಹಾಡಿದರು. 1943ರ ‘ಕಿಸ್ಮತ್’ ಹಾಡುಗಳಲ್ಲಿ ಅವರ ದನಿ ಇದೆ. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸಂಗೀತವನ್ನೂ ಕೊಟ್ಟರು, ಹೆಂಗಸೊಬ್ಬಳು ಸಂಗೀತ ನಿರ್ದೇಶಕಿ ಆಗೋದು ಆಗ ಎಷ್ಟು ಅಪರೂಪ! ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರಿನದ್ದೇ. ಅವರ ಹಾಡು ಇನ್ನೂ ಕೇಳಿಲ್ಲ ಅಂದ್ರೆ ಇವತ್ತು ರಾತ್ರಿಯೇ ಕೇಳಿ, ಮನೆಯ ಹಿರಿಯರನ್ನೂ ಪಕ್ಕ ಕೂರಿಸ್ಕೊಳ್ಳಿ.