ಕುರುವನ್ನು ಹಿಸುಕಬೇಡಿ, ಅಮ್ಮಾ

ನಿಮ್ಮ ಪತ್ರ ಓದಿದೆ, ಅಮ್ಮಾ. ಹದಿನಾಲ್ಕು ವರ್ಷದ ಮಗನಿಗೆ ಮೂರು ತಿಂಗಳಲ್ಲಿ ಇದು ನಾಲ್ಕನೇ ಕುರು. ಮೊದಲು ತೊಡೆ, ಆಮೇಲೆ ಕಂಕುಳು, ಈಗ ಸೊಂಟ. ‘ಮಾವಿನಹಣ್ಣಿನ ಉಷ್ಣ ಅಂತ ನಮ್ಮತ್ತೆ ಹೇಳ್ತಾರೆ, ನಿಜವೇ? ಕಳೆದ ಸಲದ ಮಾತ್ರೆ ಉಳಿದಿವೆ, ಕೊಡಲೇ?’ ಎಂದು ಕೇಳಿದ್ದೀರಿ.

ಮಾತ್ರೆ ದಯವಿಟ್ಟು ಕೊಡಬೇಡಿ.

ಹುಡುಗ ಮಾವಿನಹಣ್ಣು ತಿನ್ನಲಿ ಬಿಡಿ. ಬೇಸಿಗೆಯಲ್ಲಿ ಬೆವರಿಗೆ ಬಟ್ಟೆ ಉಜ್ಜಿ ಚರ್ಮ ತರಚುತ್ತದೆ, ಕೂದಲಿನ ಬುಡಕ್ಕೆ ಬ್ಯಾಕ್ಟೀರಿಯಾ ಇಳಿಯುತ್ತದೆ. ಕುರುವಿನಲ್ಲಿ ಹೆಚ್ಚಾಗಿ ಸಿಗುವುದು ಸ್ಟ್ಯಾಫಿಲೊಕಾಕಸ್ ಆರಿಯಸ್. 1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ ರೋಗಿಯ ಕೀವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. ದ್ರಾಕ್ಷಿ ಗೊಂಚಲಿನ ಹಾಗೆ ದುಂಡು ಕಣಗಳು ಕಂಡವು. ಹೆಸರಿನಲ್ಲಿರುವುದೂ ಅದೇ ಗೊಂಚಲು. ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನಲ್ಲಿ ಇದು ಸುಮ್ನೆ ಕೂತಿರುತ್ತದೆ. ಮೂಗಿಗೆ ಹೋದ ಬೆರಳು ತೊಡೆ ತುರಿಸುತ್ತದೆ, ಅಲ್ವಾ? ಮನೆಮಂದಿಗೆಲ್ಲ ಒಂದೇ ಟವೆಲ್ ಇದ್ದರಂತೂ ಅದರ ಓಡಾಟ ಇನ್ನೂ ಸುಲಭ. ಮಗನಿಗೆ ಬೇರೆ ಟವೆಲ್ ಕೊಡಿ, ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ಹಾಸ್ಟೆಲಿನಲ್ಲಿದ್ದಾಗ ನನ್ನ ಕತ್ತಿನ ಮೇಲೊಂದು ಕುರು ಎದ್ದಿತ್ತು. ಗೆಳೆಯನ ಕೈಲಿ ಹಿಸುಕಿಸಿಕೊಂಡೆ. ಒಂದು ಹನಿ ಕೀವು ಬಂತು, ಮಾರನೇ ದಿನ ಕತ್ತು ತಿರುಗಿಸಲು ಆಗಲಿಲ್ಲ. ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣದಾಗಿ ಕೊಯ್ದು ಕೀವು ತೆಗೆದರು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕೀವು ಗೂಡು ಕಟ್ಟಿಕೊಂಡರೆ ಮಾತ್ರೆ ಒಳಗೆ ಸರಿಯಾಗಿ ಮುಟ್ಟುವುದಿಲ್ಲ, ದೊಡ್ಡ ಕುರುವಿಗೆ ಅದನ್ನು ಹೊರಗೆ ತೆಗೆಯುವುದೇ ಮುಖ್ಯ ಚಿಕಿತ್ಸೆ. ಚಿಕ್ಕದಾದರೆ ಬೆಚ್ಚಗಿನ ನೀರಿನ ಬಟ್ಟೆ ಇಟ್ಟರೆ ತಾನೇ ಒಡೆಯಬಹುದು.

ಉಳಿದ ಮಾತ್ರೆ ಈ ಬ್ಯಾಕ್ಟೀರಿಯಾಕ್ಕೆ ಹೊಂದುವುದೋ ಇಲ್ಲವೋ ಮನೆಯಲ್ಲಿ ಕೂತು ಹೇಳಲಾಗದು. ಮೆಥಿಸಿಲಿನ್ ಎಂಬ ಔಷಧಿ ಬಳಕೆಗೆ ಬಂದ ಒಂದೆರಡು ವರ್ಷದಲ್ಲೇ, 1961ರಲ್ಲಿ, ಅದಕ್ಕೆ ಬಗ್ಗದ ಸ್ಟ್ಯಾಫ್ ಬ್ರಿಟನ್ನಿನಲ್ಲಿ ಸಿಕ್ಕಿತು. ಆದ್ದರಿಂದ ಕೀವನ್ನು ಕಲ್ಚರ್ ಪರೀಕ್ಷೆಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವ ಔಷಧಿಗೆ ಬಗ್ಗುತ್ತದೆಂದು ನೋಡುವ ಪರೀಕ್ಷೆಗೆ, ಕಳಿಸಲು ಡಾಕ್ಟರನ್ನು ಕೇಳಿ. ಕುರು ಮತ್ತೆ ಮತ್ತೆ ಬರುತ್ತಿರುವುದರಿಂದ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ.

ಕೀವಿಲ್ಲದೆ ಚರ್ಮ ಕೆಂಪಾಗಿ, ಬಿಸಿಯಾಗಿ ಹರಡುವುದು ಬೇರೆ. ಅದಕ್ಕೆ ಹೆಚ್ಚಾಗಿ ಸ್ಟ್ರೆಪ್ಟೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕಾರಣ, ಅದಕ್ಕೆ ಡಾಕ್ಟರು ಬರೆದುಕೊಟ್ಟ ಮಾತ್ರೆ ಬೇಕೇ ಬೇಕು. ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದು, ತಡಮಾಡದೆ ಡಾಕ್ಟರಿಗೆ ತೋರಿಸಿ. ಕೆಂಪು ಆ ಗೆರೆಯನ್ನು ದಾಟಿದರೆ, ಜ್ವರ ಬಂದರೆ, ಕುರು ಮೂಗು-ತುಟಿಯ ಹತ್ತಿರ ಎದ್ದರೆ, ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.