ಓದುಗರ ಪ್ರಶ್ನೆ: ಖ್ಯಾತನಾಮರ ತಡೆಯಾಜ್ಞೆ ಮತ್ತು ಊರಿನ ಪತ್ರಿಕೆ

ಪ್ರಶ್ನೆ: ನಮ್ಮ ಊರಿನಲ್ಲಿ ಹೆಸರಾಂತ ಕಲಾವಿದರೊಬ್ಬರು ಜಮೀನು ಕೊಂಡು ಹೋಮ್‌ಸ್ಟೇ ಕಟ್ಟಿಸಿದ್ದಾರೆ. ಅದರ ಒಂದು ಭಾಗ ಕಾನು (ಮಲೆನಾಡಿನ ದಟ್ಟ ಕಾಡು) ಜಾಗದಲ್ಲಿದೆ ಎಂಬುದು ಗ್ರಾಮಸ್ಥರ ದೂರು. ತಮ್ಮ ಖಾಸಗಿ ಜೀವನದ ಬಗ್ಗೆ ಏನನ್ನೂ ಪ್ರಕಟಿಸಬಾರದೆಂದು ಅವರು ಬೆಂಗಳೂರಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದ ಮೇಲೆ, ಇಲ್ಲಿನ ವಾರಪತ್ರಿಕೆಯ ಸಂಪಾದಕರು ಪಹಣಿಯ ವಿಷಯ ಬರೆಯುವುದಕ್ಕೂ ಹಿಂಜರಿಯುತ್ತಿದ್ದಾರೆ. ಅವರಿಗೊಂದು ಕಾನೂನು, ನಮಗೊಂದು ಕಾನೂನೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಾನೂನು ಇಬ್ಬರಿಗೂ ಒಂದೇ. ಬೆಂಗಳೂರಿಗೆ ಹೋಗಿ ವಕೀಲರನ್ನಿಟ್ಟು ವಾದಿಸುವ ಶಕ್ತಿ ಮಾತ್ರ ಇಬ್ಬರಿಗೂ ಸಮನಾಗಿಲ್ಲ. ಊರಿನ ಪತ್ರಿಕೆಗಳು ಆದೇಶವನ್ನು ಓದುವ ಮೊದಲೇ ಸುಮ್ಮನಾಗುವುದು ಇದರಿಂದಲೇ. ಆದ್ದರಿಂದ ಸಂಪಾದಕರು ಮೊದಲು ಆದೇಶದ ದೃಢೀಕೃತ ನಕಲನ್ನು ತರಿಸಿಕೊಳ್ಳಲಿ. ಪ್ರತಿವಾದಿಗಳಲ್ಲಿ ಪತ್ರಿಕೆಯ ಹೆಸರಿದೆಯೇ, ಗುರುತು ತಿಳಿಯದವರನ್ನೆಲ್ಲ ‘ಅಶೋಕ್ ಕುಮಾರ್’ ಎಂಬ ಕಲ್ಪಿತ ಹೆಸರಿನಲ್ಲಿ ಸೇರಿಸಲಾಗಿದೆಯೇ, ನಿಷೇಧಿಸಿರುವುದು ನಿಖರವಾಗಿ ಏನನ್ನು ಎಂಬುದನ್ನು ನೋಡಬೇಕು.

ಕಲಾವಿದರ ದಾಂಪತ್ಯ, ಕಾಯಿಲೆ, ಮಕ್ಕಳ ವಿಷಯಗಳು ಅವರವೇ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ್ದು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಹಕ್ಕು ಪ್ರಸಿದ್ಧರಿಗೂ ಇದೆ. 2016ರಲ್ಲಿ ಇಂಗ್ಲೆಂಡಿನ ಪ್ರಕರಣವೊಂದರಲ್ಲಿ, ದಂಪತಿಯ ಹೆಸರು ಅಮೆರಿಕ ಮತ್ತು ಸ್ಕಾಟ್‌ಲೆಂಡಿನಲ್ಲಿ ಆಗಲೇ ಅಚ್ಚಾಗಿದ್ದರೂ, ಅವರ ಹಾಗೂ ಮಕ್ಕಳ ನೆಮ್ಮದಿಯ ದೃಷ್ಟಿಯಿಂದ ಅಲ್ಲಿನ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಉಳಿಸಿತು. ಅದು ಸರಿಯಾದ ತೀರ್ಪೆಂದೇ ನನ್ನ ಅಭಿಪ್ರಾಯ.

ಪಹಣಿಯ ಮಾತು ಬೇರೆ. ತಮಿಳು ಪತ್ರಿಕೆ ‘ನಕ್ಕೀರನ್’ನ ಸಂಪಾದಕ ರಾಜಗೋಪಾಲ್ ಅವರ 1994ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ದಾಖಲೆಗಳನ್ನು ಆಧರಿಸಿದ ಬರಹಕ್ಕೆ ಖಾಸಗಿತನದ ಆಕ್ಷೇಪ ನಿಲ್ಲುವುದಿಲ್ಲ ಎಂದಿತು, ಲೈಂಗಿಕ ದೌರ್ಜನ್ಯ, ಅಪಹರಣದಂಥ ಅಪರಾಧಗಳಿಗೆ ಒಳಗಾದ ಮಹಿಳೆಯರ ಗುರುತನ್ನು ಮಾತ್ರ ಇದರಿಂದ ಹೊರಗಿಟ್ಟಿತು. ಜಮೀನು ಯಾರ ಹೆಸರಿನಲ್ಲಿದೆ, ಸರ್ವೆ ನಕಾಶೆಯಲ್ಲಿ ಕಾನಿನ ಗಡಿ ಎಲ್ಲಿದೆ ಎಂಬುದು ಯಾರ ಮನೆಯೊಳಗಿನ ಗುಟ್ಟೂ ಅಲ್ಲ.

ನನ್ನನ್ನು ನಿಜವಾಗಿ ಕಾಡುವುದು ಎದುರು ಪಕ್ಷದ ಮಾತು ಕೇಳದೆ ಹೊರಡುವ ಆದೇಶಗಳು. 2021ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರು ಸಚಿವರೇ ಹತ್ತಾರು ಮಾಧ್ಯಮ ಸಂಸ್ಥೆಗಳ ವಿರುದ್ಧ ಇಂಥ ತಡೆಯಾಜ್ಞೆ ತಂದಿದ್ದರು. ಏಕಪಕ್ಷೀಯವಾಗಿ ತಡೆಯಾಜ್ಞೆ ನೀಡಿದರೆ ಆ ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 3ಎ ನಿಯಮ ಹೇಳುತ್ತದೆ. ಪೂರ್ಣ ವಿಚಾರಣೆಗೆ ಮೊದಲೇ ಬರಹವನ್ನು ತಡೆಯುವುದು ಅಪರೂಪದ ಸಂದರ್ಭಕ್ಕೆ ಮೀಸಲಿರಬೇಕೆಂದು ಬ್ಲೂಮ್‌ಬರ್ಗ್ ಮತ್ತು ಜೀ ಸಂಸ್ಥೆಗಳ ನಡುವಿನ ಮಾನಹಾನಿ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಎಚ್ಚರಿಸಿದೆ.

ಆದೇಶದ ಒಕ್ಕಣೆ ಜಮೀನಿನ ವಿಷಯವನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದ್ದರೆ, ಅದನ್ನು ಮೀರಿ ಅಚ್ಚುಹಾಕಬೇಡಿ. ಉಲ್ಲಂಘನೆಗೆ ಮೂರು ತಿಂಗಳವರೆಗೆ ಸಿವಿಲ್ ಕಾರಾಗೃಹವಾಸ ವಿಧಿಸಲು ಅವಕಾಶವಿದೆ. ಸಂಹಿತೆಯ ಅದೇ 39ನೇ ಆದೇಶದ 4ನೇ ನಿಯಮದಡಿ ತಡೆಯಾಜ್ಞೆಯ ತೆರವು ಅಥವಾ ಮಾರ್ಪಾಡು ಕೋರಿ ಅರ್ಜಿ ಹಾಕಿ. ಒಕ್ಕಣೆ ಖಾಸಗಿ ಜೀವನಕ್ಕಷ್ಟೇ ಸೀಮಿತವಾಗಿದ್ದರೆ, ಸ್ಥಳೀಯ ವಕೀಲರಿಗೆ ಒಮ್ಮೆ ತೋರಿಸಿ, ಪಹಣಿ ಮತ್ತು ನಕಾಶೆಯ ದೃಢೀಕೃತ ಪ್ರತಿಗಳನ್ನು ಕೈಯಲ್ಲಿಟ್ಟುಕೊಂಡು, ತಹಶೀಲ್ದಾರರ, ಅರಣ್ಯ ಇಲಾಖೆಯ ಹಾಗೂ ಆ ಕಲಾವಿದರ ಪ್ರತಿಕ್ರಿಯೆಯನ್ನೂ ಪಡೆದು ವರದಿಯನ್ನು ಪ್ರಕಟಿಸಿ.