ಗ್ಲೈಸಿನ್ ಬಯುರೆಟ್ ಪರೀಕ್ಷೆಯಲ್ಲಿ ನೇರಳೆಯಾಗದಿದ್ದರೆ

ಪ್ರೋಟೀನ್ ಪತ್ತೆಹಚ್ಚುವ ಬಯುರೆಟ್ ಪರೀಕ್ಷೆಯಲ್ಲಿ ಗ್ಲೈಸಿನ್ ನೇರಳೆಯಾಗಲಿಲ್ಲ, ಅದು ಹಾಳಾಗಿದೆಯಾ ಅಂತ ಕೇಳಿದ್ದೀರಿ. ಹಾಳಾಗಿದೆ ಅಂತ ನನಗೆ ಅನಿಸುವುದಿಲ್ಲ. ಗ್ಲೈಸಿನ್ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಬಿಡಿ ಘಟಕಗಳಲ್ಲಿ ಒಂದು. ಈ ಪರೀಕ್ಷೆಯಲ್ಲಿ ಅದು ನೀಲಿಯಾಗಿಯೇ ಉಳಿಯಬೇಕು. ಬಯುರೆಟ್ ಪರೀಕ್ಷೆ ಹಿಡಿಯುವುದು ಅಮೈನೋ ಆಮ್ಲಗಳನ್ನಲ್ಲ, ಅವುಗಳನ್ನು ಜೋಡಿಸುವ ಪೆಪ್ಟೈಡ್ ಬಂಧಗಳನ್ನು. ಕ್ಷಾರ ದ್ರಾವಣದಲ್ಲಿ ತಾಮ್ರದ ಅಯಾನು ಆ ಬಂಧಗಳ ನೈಟ್ರೋಜನ್ ಜೊತೆ ಸೇರಿದಾಗ ನೇರಳೆ ಬಣ್ಣ ಬರುತ್ತದೆ. ಅದಕ್ಕೆ ಕನಿಷ್ಠ ಎರಡು ಬಂಧ ಬೇಕು, ಅಂದರೆ ಮೂರು ಅಮೈನೋ ಆಮ್ಲಗಳ ಸರಪಳಿ. ಒಂಟಿ ಗ್ಲೈಸಿನ್‌ನಲ್ಲಿ ಒಂದೂ ಇಲ್ಲ, ಅಲ್ವಾ?

ಮೊಟ್ಟೆಯ ಬಿಳಿಭಾಗವೂ ನೀಲಿಯಾಗಿಯೇ ಕಂಡಿತು ಅಂತ ಬರೆದಿದ್ದೀರಿ. ಅದು ಮಾತ್ರ ಸರಿಯಿಲ್ಲ, ಅದರಲ್ಲಿ ಪ್ರೋಟೀನ್ ಇರುವುದರಿಂದ ನೇರಳೆ ಬರಬೇಕಿತ್ತು. ಬಹುಶಃ ಕಾಪರ್ ಸಲ್ಫೇಟ್ ಜಾಸ್ತಿಯಾಗಿ, ಅದರ ನೀಲಿ ನೇರಳೆಯನ್ನು ಮುಚ್ಚಿಹಾಕಿದೆ. ನೀವು ಅಳತೆ ಕೊಟ್ಟಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ.

ಮೊದಲು ಬಿಳಿಭಾಗವನ್ನು ನೀರಿನಲ್ಲಿ ಚೆನ್ನಾಗಿ ತೆಳುಮಾಡಿ, 2 ಮಿಲಿ ತೆಗೆದುಕೊಳ್ಳಿ. ಅದಕ್ಕೆ ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ 2 ಮಿಲಿ ಸೇರಿಸಿ ಅಲುಗಾಡಿಸಿ. ಕನ್ನಡಕ, ಕೈಗವಸು ಮರೆಯಬೇಡಿ, ಇದು ಚರ್ಮ ಸುಡುತ್ತದೆ. ಆಮೇಲೆ ಶೇ. 1ರ ಕಾಪರ್ ಸಲ್ಫೇಟ್ ಹನಿಹನಿಯಾಗಿ, ಮೂರ್ನಾಲ್ಕು ಹನಿ ಸಾಕು. ಕಾಯಿಸಬೇಡಿ, ಕೆಲವು ನಿಮಿಷ ಸುಮ್ನೆ ಬಿಡಿ. ಪಕ್ಕದಲ್ಲಿ ಬರೀ ನೀರಿನ ಇನ್ನೊಂದು ನಳಿಕೆಗೂ ಇದನ್ನೇ ಮಾಡಿ ಇಡಿ. ಹೋಲಿಸಲು ಏನೂ ಇಲ್ಲದಿದ್ದರೆ ತಿಳಿ ನೇರಳೆ ಕಣ್ಣಿಗೆ ನೀಲಿಯಂತೆಯೇ ಕಾಣುತ್ತದೆ.

ಗ್ಲೈಸಿನ್‌ಗೆ ನಿನ್‌ಹೈಡ್ರಿನ್ ಪರೀಕ್ಷೆ ಮಾಡಿ. ಇದು ಬಿಡಿ ಅಮೈನೋ ಆಮ್ಲಗಳನ್ನೂ ಹಿಡಿಯುತ್ತದೆ. ಗ್ಲೈಸಿನ್ ದ್ರಾವಣಕ್ಕೆ ನಿನ್‌ಹೈಡ್ರಿನ್ ದ್ರಾವಣದ ಕೆಲವು ಹನಿ ಹಾಕಿ, ಕುದಿಯುವ ನೀರಿನಲ್ಲಿ ನಳಿಕೆಯನ್ನು ಕೆಲವು ನಿಮಿಷ ಇಟ್ಟರೆ ಗಾಢ ನೇರಳೆ ಬರುತ್ತದೆ. ಪ್ರೋಲಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾದರೆ ಹಳದಿ ಬರುತ್ತದೆ, ಅದನ್ನು ತಪ್ಪು ಅಂದುಕೊಳ್ಳಬೇಡಿ.